ಇದು ಯಾವ ಸಾಕ್ರಿ?

ಈಗಿನ ಮದುವೆಗಳಲ್ಲಿ ನನಗೆ ಹೊಟ್ಟೆ ತುಂಬುವುದಿಲ್ಲ. ಅಡುಗೆಗೇನೂ ಕೊರತೆ ಇಲ್ಲ. ನಮ್ಮ ಕೊಟ್ಟೂರಿನ ಕಲ್ಯಾಣ ಮಂಟಪಗಳಲ್ಲೂ ಈಗ ಪನೀರ್, ಗೋಬಿ, ಹೆಸರು ಹೇಳಲು ನಾಲಿಗೆ ಹೊರಳದ ಒಂದೆರಡು ಸಿಹಿ ಇದ್ದೇ ಇರುತ್ತವೆ. ಒಂದೇ ಬಣ್ಣದ ಟೀ ಶರ್ಟು ತೊಟ್ಟ ಹುಡುಗರು ಬಡಿಸುತ್ತ ಬರುತ್ತಾರೆ. ನಾನು ರೂಢಿಯಂತೆ "ಸಾಕಪ್ಪ" ಎನ್ನುತ್ತೇನೆ. ಅವರು ನಿಲ್ಲಿಸಿಬಿಡುತ್ತಾರೆ! ಮುಖ ಸಹ ನೋಡದೆ ಮುಂದಿನ ಎಲೆಗೆ ಹೋಗಿಬಿಡುತ್ತಾರೆ. ಸಾಕು ಎಂದರೆ ಸಾಕು ಎಂದು ತಿಳಿಯುವಷ್ಟು ತಿಳಿವಳಿಕೆಗೇಡಿಗಳನ್ನು ಯಾವ ಶಾಲೆಯಲ್ಲಿ ಓದಿಸಿದ್ದಾರೋ ಎಂದು ಬೈದುಕೊಂಡು, ಅರೆಹೊಟ್ಟೆಯಲ್ಲಿ ಕೈ ತೊಳೆಯುತ್ತೇನೆ. ಓದಿಸಿದವನು ಬಹುಶಃ ನಾನೇ.

ನನ್ನ ಸಾಕನ್ನು ಒಮ್ಮೆಯೂ ನಂಬದ ಒಬ್ಬರಿದ್ದರು. ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಅವರು ಹೋಗಿ ಇನ್ನೂ ಒಂದು ತಿಂಗಳಾಗಿಲ್ಲ.

ಕಡ್ಡಿಯಂಥ ಮೈ, ಅದಕ್ಕೆ ಸಂಬಂಧವೇ ಇಲ್ಲದ ದೊಡ್ಡ ಗಂಟಲು. ಕೊರಳಲ್ಲಿ ಯಾವಾಗಲೂ ಸೀಟಿ. ಮದುವೆಗೆ ಬಂದರೂ ಸೀಟಿ, ನಾಮಕರಣಕ್ಕೆ ಬಂದರೂ ಸೀಟಿ. ಅಷ್ಟು ವರ್ಷ ಅವರು ಮಕ್ಕಳಿಗೆ ಡ್ರಿಲ್ ಹೇಳಿಕೊಟ್ಟರೂ ನಮ್ಮ ಶಾಲೆಯಿಂದ ಒಬ್ಬ ಓಟಗಾರನೂ ಹೊರಬರಲಿಲ್ಲ. ಶಾಲೆ ಬಿಟ್ಟು ಓಡಿಹೋದವರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಆದರೆ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಮೇಷ್ಟ್ರ ಹೆಸರು ಗೊತ್ತಿಲ್ಲದ ಊರು ಕಡಿಮೆ. ಅದು ಸೀಟಿಯಿಂದ ಬಂದ ಹೆಸರಲ್ಲ, ಬಕೆಟ್ಟಿನಿಂದ ಬಂದದ್ದು. ಯಾರ ಮನೆಯ ಕಾರ್ಯವಾದರೂ ಸರಿ, ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಗೋಧಿ ಬೆಲ್ಲದ ಹುಗ್ಗಿಯ ಬಕೆಟ್ಟು ಎತ್ತಿಕೊಂಡು ಪಂಕ್ತಿಗೆ ಇಳಿದುಬಿಡುತ್ತಿದ್ದರು. ಬಡಿಸುವವ ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕೂತರೇನು ಎಂಬ ಮಾತಿದೆಯಲ್ಲ, ನಮ್ಮ ಮೇಷ್ಟ್ರು ಎಲ್ಲರವರೂ ಆಗಿದ್ದರಿಂದ ಯಾವ ಪಂಕ್ತಿಯಲ್ಲಿ ಕೂತರೂ ಪಾರಾಗುವಂತಿರಲಿಲ್ಲ.

ನಾನು ಕನ್ನಡ ಮೇಷ್ಟ್ರು. ಪಾಠ ಮುಗಿದ ಮೇಲೆ ಕಪ್ಪುಹಲಗೆಯ ಮೇಲೆ ಎಡಗಡೆ ಪದ, ಬಲಗಡೆ ಅರ್ಥ ಬರೆಸುವುದು ನನ್ನ ವೃತ್ತಿ. ಒಂದು ದಿನ 'ಸಾಕು: ಇಷ್ಟೇ ಇರಲಿ, ಇನ್ನು ಬೇಡ' ಎಂದು ಬರೆಸಿದ್ದು ಕಿಟಕಿಯ ಹೊರಗಿಂದ ಹಾದುಹೋಗುತ್ತಿದ್ದ ಮೇಷ್ಟ್ರ ಕಣ್ಣಿಗೆ ಬಿತ್ತು. ಸ್ಟಾಫ್ ರೂಮಿನಲ್ಲಿ ಹಿಡಿದರು.

"ಏನ್ರಿ ಪಂಡಿತ್ರ, ಹುಡುಗರಿಗೆ ಹಾಡಹಗಲಾಗ ಸುಳ್ಳು ಬರೆಸಾಕ ಹತ್ತೀರಲ್ಲ!"

"ಯಾವ ಸುಳ್ಳು ಮಾರಾಯ್ರೆ?"

"ಸಾಕು ಅಂದ್ರ ಇನ್ನು ಬ್ಯಾಡ ಅಂತನಾ? ಯಾರು ಅಂದ್ರು, ಎಲ್ಲಿ ಕುಂತು ಅಂದ್ರು, ಆಜೂಬಾಜೂ ಯಾರು ಕುಂತಿದ್ರು, ಇಷ್ಟು ಗೊತ್ತಿಲ್ದ ಅರ್ಥ ಹೆಂಗ ಬರೆಸ್ತೀರಿ?"

ನಾನು ನಕ್ಕೆ. ಅವರು ನಗಲಿಲ್ಲ. ನನ್ನ ಟೇಬಲ್ಲಿನ ಮೇಲೆ ತಮ್ಮ ಅಂಗೈ ಅಡ್ಡ ಹಿಡಿದು ತೋರಿಸಿದರು. "ಬಾಯಿ ನೋಡಬ್ಯಾಡ್ರಿ, ಕೈ ನೋಡ್ರಿ. ಎಲಿ ಮ್ಯಾಲೆ ಕೈ ಅಡ್ಡ ಹಿಡೀತಾರಲ್ಲ, ಅದರಾಗ ಬೆರಳು ಬಿಟ್ಟಿದ್ರ ಇನ್ನಾ ಜಾಗ ಐತಿ ಅಂತ. ಬೆರಳು ಕೂಡಿದ್ರ ಖರೇನ ಸಾಕಾಗೈತಿ, ಮುಂದ ನಡೀರಿ. ಇದು ನಿಮ್ಮ ವ್ಯಾಕರಣದಾಗ ಎಲ್ಲೈತಿ?"

ಇಲ್ಲ ಎಂದು ಒಪ್ಪಿಕೊಂಡೆ. ಒಪ್ಪಿಕೊಳ್ಳದಿದ್ದರೆ ಸೀಟಿ ಊದುವ ಸಂಭವವಿತ್ತು.

ಈ ಶಾಸ್ತ್ರ ಪಂಕ್ತಿಯಲ್ಲಿ ನಡೆಯುವುದನ್ನು ನೋಡಲೆಂದೇ ನಾನು ಎಷ್ಟೋ ಊಟಗಳಿಗೆ ಅವರ ಬೈಕಿನ ಹಿಂದೆ ಕೂತು ಹೋಗಿದ್ದೇನೆ. ಬಕೆಟ್ಟು ಹಿಡಿದು ಬರುತ್ತಿದ್ದರು. ಕೂತವರು ಸಾಕು ಎನ್ನುತ್ತಿದ್ದರು. ಮೇಷ್ಟ್ರು ನಿಂತು, ಕೈಯನ್ನೇ ದಿಟ್ಟಿಸಿ, ಇಡೀ ಪಂಕ್ತಿಗೆ ಕೇಳುವಂತೆ "ಇದು ಯಾವ ಸಾಕ್ರಿ?" ಎನ್ನುತ್ತಿದ್ದರು. ಉತ್ತರವನ್ನೂ ಅವರೇ ಹೇಳುತ್ತಿದ್ದರು. "ಇದು ಬೀಗರ ಸಾಕು, ಎರಡು ಸೌಟು ಹಾಕಲಿಲ್ಲಂದ್ರ ಊರಿಗೆ ಹೋಗಿ ಆಡಿಕೋತಾರ. ಇದು ಸಾಹೇಬರ ಸಾಕು, ಹಿಂದ ಜೀಪಿನ ಡ್ರೈವರ್ ಕುಂತಾನ, ಅದಕ್ಕ." ಪಂಕ್ತಿ ನಗುತ್ತಿತ್ತು. ನಗುವಿನ ನಡುವೆ ಹುಗ್ಗಿ ಎಲೆಗೆ ಬೀಳುತ್ತಿತ್ತು. ಬಿದ್ದ ಮೇಲೆ ಕೂತವರು "ಏನ್ರಿ ಮೇಷ್ಟ್ರ, ಬ್ಯಾಡಂದ್ರೂ ಕೇಳಂಗಿಲ್ಲ ನೀವು" ಎಂದು ಸಿಡುಕುತ್ತ, ಒಂದು ಅಗುಳೂ ಬಿಡದಂತೆ ಬಳಿದು ತಿನ್ನುತ್ತಿದ್ದರು.

ತಂಬ್ರಹಳ್ಳಿಯ ಒಂದು ಮನೆಯಲ್ಲಿ ಹೊಸ ಸೊಸೆಯೊಬ್ಬಳು ಕೊನೆಯ ಪಂಕ್ತಿಯಲ್ಲಿ ಕೂತಿದ್ದಳು. ಬೆಳಗಿನಿಂದ ಓಡಾಡಿದ್ದ ಹುಡುಗಿ. ಎದುರಿಗೇ ಅತ್ತೆ ನಿಂತಿದ್ದರಿಂದ ಸೌಟು ಬಗ್ಗುವ ಮೊದಲೇ ಸಾಕು ಅಂದುಬಿಟ್ಟಳು. ಅಲ್ಲಿ ಮೇಷ್ಟ್ರು ಪ್ರಶ್ನೆ ಕೇಳಲಿಲ್ಲ. "ನಿಮ್ಮತ್ತಿ ಅವರು ಆಗಿಂದ ಹೇಳಾಕ ಹತ್ಯಾರವ್ವ, ನಮ್ಮ ಹುಡುಗಿಗೆ ಎರಡು ಸೌಟು ಹಾಕ್ರಿ ಅಂತ" ಎಂದು ಗಟ್ಟಿಯಾಗಿ ಹೇಳಿ ಹಾಕಿದರು. ಅತ್ತೆ ಅಂಥ ಮಾತನ್ನು ಆ ಜನ್ಮದಲ್ಲಿ ಆಡಿರಲಿಲ್ಲ. ಆದರೆ ಅಷ್ಟು ಜನರ ಮುಂದೆ ಇಲ್ಲ ಎನ್ನಲು ಬರುತ್ತದೆಯೇ? "ಹೂಂ, ಉಣ್ಣವ್ವ" ಎಂದು ಪುಣ್ಯ ಕಟ್ಟಿಕೊಂಡರು.

ಶಾಸ್ತ್ರ ಕೈಕೊಟ್ಟದ್ದೂ ಉಂಟು. ನಮ್ಮ ಹೆಡ್ ಮೇಷ್ಟ್ರ ಮನೆಯ ಗೃಹಪ್ರವೇಶಕ್ಕೆ ಬಂದಿದ್ದ ಮೇಲಧಿಕಾರಿಯೊಬ್ಬರು ಸಾಕು ಎಂದು ಕೈ ಅಡ್ಡ ಹಿಡಿದರು. ಬೆರಳುಗಳು ಅಗಲವಾಗಿ ಬಿಟ್ಟುಕೊಂಡಿದ್ದವು. ಮೇಷ್ಟ್ರು ಸಂತೋಷದಿಂದ ಸೌಟು ಸುರಿದರು, ಮೇಲೆ ತುಪ್ಪವನ್ನೂ ಸುರಿದರು. ಆ ಮನುಷ್ಯನಿಗೆ ಸಕ್ಕರೆ ಕಾಯಿಲೆ. ಬೆರಳು ಬಿಟ್ಟುಕೊಂಡಿದ್ದು ಗಂಟು ವಾತದಿಂದ. ಆ ವರ್ಷ ನಮ್ಮ ಶಾಲೆಗಾದಷ್ಟು ತಪಾಸಣೆ ಜಿಲ್ಲೆಯಲ್ಲಿ ಯಾವ ಶಾಲೆಗೂ ಆಗಲಿಲ್ಲ. ನಾವೆಲ್ಲ ಮೇಷ್ಟ್ರ ಮೇಲೆ ಬಿದ್ದೆವು. ಅವರು ಸ್ವಲ್ಪವೂ ಅಳುಕಲಿಲ್ಲ. "ನಾ ತಪ್ಪು ಓದಿಲ್ರಿ, ಅವ್ರ ಬೆರಳೇ ಸುಳ್ಳು ಹೇಳಿದ್ವು" ಅಂದರು.

ಅವರು ಒತ್ತಾಯ ಮಾಡದ ಊಟ ಒಂದೇ ಒಂದು, ಸತ್ತವರ ದಿನದ ಊಟ. ಅಲ್ಲಿ ಬಕೆಟ್ಟು ಹಿಡಿದರೂ ಬಾಯಿ ಬಿಡುತ್ತಿರಲಿಲ್ಲ. ಸಾಕು ಎಂದವರ ಎಲೆಯನ್ನು ತಲೆ ಬಗ್ಗಿಸಿ ದಾಟುತ್ತಿದ್ದರು. "ಅಲ್ಲಿ ಯಾರೂ ಉಣ್ಣಾಕ ಬಂದಿರಂಗಿಲ್ಲ, ಕುಂತು ಏಳಾಕ ಬಂದಿರ್ತಾರ. ಅಲ್ಲಿ ಸಾಕು ಅಂದ್ರ ಸಾಕು" ಎನ್ನುತ್ತಿದ್ದರು. ನನ್ನ ಕಪ್ಪುಹಲಗೆಯ ಅರ್ಥಕ್ಕೂ ಒಂದು ಜಾಗವಿದೆ ಎಂದು ಸಮಾಧಾನಪಟ್ಟುಕೊಂಡಿದ್ದೆ.

ಇನ್ನು ಬಾಗಳಿಯ ಕಡೆಯ ಆ ಮದುವೆಯನ್ನು ಹೇಳಬೇಕು. ಅದನ್ನು ಹೇಳದೆ ಈ ಮನುಷ್ಯನನ್ನು ಹೇಳಿದಂತಾಗುವುದಿಲ್ಲ. ನಮ್ಮ ಜೊತೆಯ ವಿಜ್ಞಾನ ಮೇಷ್ಟ್ರ ತಂಗಿಯ ಮದುವೆ, ಅವರ ಹಳ್ಳಿಯ ಮನೆಯ ಅಂಗಳದಲ್ಲಿ. ಡ್ರಿಲ್ ಮೇಷ್ಟ್ರು ಎಂದಿನಂತೆ ಪ್ಯಾಂಟು ಮಡಚಿದರು. ಅವರು ಹುಟ್ಟಿ ಬೆಳೆದ ಕೇರಿ ಊರ ಆಚೆಗಿನದು ಎಂಬುದು ನಮಗೆಲ್ಲ ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ನಾವು ಅದನ್ನು ಆಡದೆ ಇರುವುದನ್ನೇ ದೊಡ್ಡ ಸುಧಾರಣೆ ಎಂದು ತಿಳಿದಿದ್ದೆವು. ಹಳ್ಳಿಗಳಲ್ಲೂ ಗೊತ್ತಿತ್ತು. ಆದರೆ ಮೇಷ್ಟ್ರು ಅಂದರೆ ಮೇಷ್ಟ್ರು, ಸರ್ಕಾರಿ ಸಂಬಳ, ಕೊರಳಲ್ಲಿ ಸೀಟಿ. ಮಂದಿ ಉಂಡು ಸುಮ್ಮನಾಗುತ್ತಿದ್ದರು.

ಆ ದಿನ ಪಂಕ್ತಿಯ ಮೊದಲ ಎಲೆಗೆ ಮನೆಯ ಹಿರಿಯರೊಬ್ಬರು ಕೂತಿದ್ದರು, ವಿಜ್ಞಾನ ಮೇಷ್ಟ್ರ ದೊಡ್ಡಪ್ಪ. ಹುಗ್ಗಿಯ ಬಕೆಟ್ಟು ಎದುರಿಗೆ ಬರುತ್ತಲೇ ಖಾಲಿ ಎಲೆಯ ಮೇಲೆ ಅಂಗೈ ಇಟ್ಟು "ಸಾಕು" ಅಂದರು. ಗಟ್ಟಿಯಾಗಿ ಅನ್ನಲಿಲ್ಲ. ಒಂದು ಸೌಟೂ ಬಿದ್ದಿರಲಿಲ್ಲ, ಸಾಕಾಗುವುದೆಲ್ಲಿಂದ ಬಂತು? ಅಂಥದೊಂದು ಸಾಕು ನಮ್ಮ ಕಡೆ ಇದೆ. ಅದು ಹುಗ್ಗಿಗೆ ಹೇಳುವ ಮಾತಲ್ಲ, ಸೌಟು ಹಿಡಿದ ಕೈಗೆ ಹೇಳುವ ಮಾತು. ಅಂಗಳದಲ್ಲಿ ಕೂತವರಿಗೆಲ್ಲ ಅದರ ಅರ್ಥವಾಯಿತು. ನಾನು ಪಕ್ಕದ ಎಲೆಯಲ್ಲೇ ಕೂತಿದ್ದೆ.

ನಾನು ಆ ಕೈ ನೋಡಿದೆ. ಬೆರಳು ಬಿಗಿಯಾಗಿ ಕೂಡಿದ್ದವು. ಮೇಷ್ಟ್ರ ಶಾಸ್ತ್ರದ ಪ್ರಕಾರವೇ ಅವರು ಮುಂದೆ ನಡೆಯಬೇಕಿತ್ತು.

ನಡೆಯಲಿಲ್ಲ. ಮುಖದ ತುಂಬ ನಕ್ಕರು. "ಇದು ಯಾವ ಸಾಕ್ರಿ, ಯಜಮಾನ್ರ?" ಎಂದು ಅದೇ ದೊಡ್ಡ ಗಂಟಲಿನಲ್ಲಿ ಕೇಳಿ, ಅದೇ ಗಂಟಲಿನಲ್ಲಿ ಉತ್ತರವನ್ನೂ ಹೇಳಿದರು. "ಇದು ನಾಚಿಕಿ ಸಾಕು! ಸ್ವಂತ ಮನ್ಯಾಗ ಏನ್ ನಾಚಿಕಿರಿ ನಿಮಗ!"

ಯಾರೋ ಒಬ್ಬರು ನಕ್ಕರು. ಮೇಷ್ಟ್ರು ಯಾರ ಸಾಕನ್ನೂ ನಂಬುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ತಮಾಷೆ. ಆ ನಗು ಪಂಕ್ತಿಯುದ್ದಕ್ಕೂ ಹರಡಿತು. ಹಿರಿಯರು ಕೈ ತೆಗೆಯಲಿಲ್ಲ. ಮೇಷ್ಟ್ರು ತುಂಬಿದ ಸೌಟನ್ನು ಆ ಕೈಯ ಮೇಲೆ ಹಿಡಿದು ನಿಂತರು.

"ಕೈ ತಗೀರಿ. ಹುಗ್ಗಿ ಬಿಸಿ ಐತಿ."

ಈ ಮಾತನ್ನು ಮಾತ್ರ ಮೆಲ್ಲಗೆ ಹೇಳಿದರು. ನಗು ಅವರ ತುಟಿಯ ಮೇಲಿತ್ತು, ಕಣ್ಣಲ್ಲಿ ಇರಲಿಲ್ಲ. ಸೌಟಿನಿಂದ ತುಪ್ಪದ ಹನಿ ಜಾರಿ ಎಲೆಯ ಅಂಚಿಗೆ ಬಿತ್ತು. ಎದ್ದು ಹೋಗೋಣವೆಂದರೆ ಮದುವೆ ತಮ್ಮ ಮನೆಯದೇ. ಪಂಕ್ತಿಯಿಂದ ಮೊದಲ ಎಲೆ ಎದ್ದರೆ ಬೀಗರೆಲ್ಲ ಏಳಬೇಕು. ಹಿರಿಯರು ಕೈ ತೆಗೆದರು. ಹುಗ್ಗಿ ಬಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, ಆಮೇಲೆ ತಿಂದರು. ಮೇಷ್ಟ್ರು ಎರಡನೆಯ ಸುತ್ತು ಬಂದಾಗ ಸಾಕು ಅನ್ನಲಿಲ್ಲ. ಊರಲ್ಲಿ ಮಾತ್ರ ಆ ಹಿರಿಯರಿಗೆ ಊಟಕ್ಕೆ ಕೂತರೆ ಬಹಳ ಸಂಕೋಚ ಎಂಬ ಹೆಸರು ಉಳಿಯಿತಂತೆ.

ಬೈಕಿನಲ್ಲಿ ವಾಪಸಾಗುವಾಗ ನಾನು "ಬೆರಳು ಕೂಡಿದ್ವಲ್ರಿ" ಅಂದೆ.

"ನೋಡಿದೆ" ಅಂದರು.

ಸ್ವಲ್ಪ ದೂರ ಹೋದ ಮೇಲೆ ಬೈಕು ನಿಲ್ಲಿಸಿದರು. ಇಳಿಯದೆ, ರಸ್ತೆಯನ್ನು ನೋಡುತ್ತ ಹೇಳಿದರು. "ನಮ್ಮವ್ವ ಇಂಥಾ ಮದುವಿಗೆ ನನ್ನ ಕರಕೊಂಡು ಹೋಗಾಕಿ. ದನದ ಕೊಟ್ಟಿಗಿ ಮಗ್ಗಲಕ ನಮ್ಮ ಪಂಕ್ತಿ. ಬಡಿಸಾಂವ ಅಷ್ಟೆತ್ತರದಿಂದ ಉದುರಿಸಾಂವ. ಸೌಟು ಬಗ್ಗೂಕಿಂತ ಮೊದಲೇ ನಮ್ಮವ್ವ ಸಾಕ್ರಿ ಯಪ್ಪಾ, ಸಾಕು ಅನ್ನಾಕಿ. ಆಸಿಬುರುಕಿ ಅಂದಾರು ಅಂತ ಅಂಜಿಕಿ. ಹಸ್ತುಕೊಂಡು ಸಾಕು ಅಂತಿದ್ಲು ಪಂಡಿತ್ರ. ಇದು ಯಾವ ಸಾಕು ಅಂತ ಒಬ್ಬರೂ ಕೇಳಲಿಲ್ಲ. ಎಲ್ಲಾರೂ ಒಂದ ಮಾತಿಗೆ ನಂಬಿದ್ರು."

ಬೈಕು ಮತ್ತೆ ಹೊರಟಿತು. ಕೊಟ್ಟೂರು ಬಂದಾಗ ಅವರು ಎಂದಿನ ಮೇಷ್ಟ್ರಾಗಿದ್ದರು. ಮಿರ್ಚಿ ಮಂಡಕ್ಕಿ ಅಂಗಡಿಯ ಮುಂದೆ ನಿಲ್ಲಿಸಿ, ನಾನು ಸಾಕು ಅಂದ ಮೇಲೂ ಇನ್ನೊಂದು ಪ್ಲೇಟು ಹೇಳಿದರು.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ನಮ್ಮ ಮೇಷ್ಟ್ರು ಬಲ್ಲದ್ದು ಊರವರ ಊಟ, ತಮ್ಮದಲ್ಲ. ಎಲ್ಲರೂ ಎದ್ದ ಮೇಲೆ ಬಕೆಟ್ಟಿನ ತಳ ಬಳಿದು ತಿಂದು ತಿಂದು ಸಕ್ಕರೆ ಕಾಯಿಲೆ ತರಿಸಿಕೊಂಡರು. ನಿವೃತ್ತಿಯಾದ ಮೇಲೆ ಅದು ಮೂತ್ರಪಿಂಡಕ್ಕೆ ಇಳಿಯಿತು. ವಾರ ವಾರ ಹೊಸಪೇಟೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾಯಿತು. ಮಗ ಹಗರಿಬೊಮ್ಮನಹಳ್ಳಿಯಲ್ಲಿ ಲೈನ್‌ಮನ್. ರಜೆ ಹಾಕಿ, ಗಾಡಿ ಗೊತ್ತು ಮಾಡಿ ಕರೆದುಕೊಂಡು ಹೋಗುತ್ತಿದ್ದ. ಒಳ್ಳೆಯ ಹುಡುಗ, ಮುಖ ಸಿಂಡರಿಸಿದವನಲ್ಲ.

ಒಂದು ಸಂಜೆ ನೋಡಲು ಹೋದಾಗ ಮನೆಯ ಕಟ್ಟೆಯ ಮೇಲೆ ನೆಂಟರೆಲ್ಲ ಕೂತಿದ್ದರು. ಮಗ ಸಣ್ಣ ದನಿಯಲ್ಲಿ ಹೇಳಿದ. "ಅಪ್ಪ ಸಾಕು ಅಂದ್ಬಿಟ್ಟಾನ್ರಿ ಸರ್. ಇನ್ನ ಮ್ಯಾಲೆ ಡಯಾಲಿಸಿಸ್ ಬ್ಯಾಡ, ಸಾಕಪ್ಪ, ಎಷ್ಟಂತ ಓಡಾಡ್ತಿ ಅಂದ. ಅವನ ಮಾತಿಗೆ ಬೆಲಿ ಕೊಡಬೇಕಲ್ರಿ."

ನೆಂಟರು ತಲೆದೂಗಿದರು. ಮೇಷ್ಟ್ರು ಮೊದಲಿಂದಲೂ ಜ್ಞಾನಿಗಳು, ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿದ್ದವರು ಎಂದು ಒಬ್ಬರು. ಮೂಲೆಯಲ್ಲಿದ್ದ ಬುದ್ಧನ ಚಿತ್ರವನ್ನು ತೋರಿಸಿ, ಆಸೆ ಬಿಟ್ಟವರೇ ದೊಡ್ಡವರು ಎಂದು ಇನ್ನೊಬ್ಬರು. ಹುಗ್ಗಿಯ ಬಕೆಟ್ಟಿನ ವಿಷಯದಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಆಯುಷ್ಯದಲ್ಲೇ ತಿಳಿಯದಿದ್ದ ಮನುಷ್ಯನಿಗೆ ಒಂದೇ ಸಂಜೆಯಲ್ಲಿ ಇಷ್ಟೊಂದು ಜ್ಞಾನ ಬಂದದ್ದು ನನಗೆ ಸೋಜಿಗವಾಯಿತು.

ಅಷ್ಟರಲ್ಲಿ ಅವರ ಹೆಂಡತಿ ಚಹಾದ ತಟ್ಟೆ ಹಿಡಿದು ಹೊರಗೆ ಬಂದರು. ಸಣ್ಣ ದನಿಯ ಹೆಂಗಸು. ಊರಿಗೆಲ್ಲ ಬಡಿಸಿದ ಗಂಡನಿಗೆ ಬಡಿಸಿದವರು ಅವರೊಬ್ಬರೇ.

"ಸಾಕು ಅಂದಾಗ ಕೈ ಎಲ್ಲಿತ್ತು?" ಎಂದು ಮಗನನ್ನು ಕೇಳಿದರು.

"ಕೈ? ಹಾಸಿಗಿ ಮ್ಯಾಲಿತ್ತವ್ವ."

"ಬೆರಳು ಹೆಂಗಿದ್ವು?"

ಮಗ ನನ್ನ ಮುಖ ನೋಡಿದ. ಬೆರಳು ಯಾರೂ ನೋಡಿರಲಿಲ್ಲ.

"ಅವರವ್ವ ಸಾಕು ಅಂದಾಗ ಊರ ಮಂದಿ ಒಂದ ಮಾತಿಗೆ ನಂಬಿದ್ರು. ಈಗ ಇವರು ಅಂದ್ರು, ನೀವು ನಂಬಿದ್ರಿ. ಇಷ್ಟು ವರ್ಷ ಅವರಿಗೆ ಬಡಿಸೀನಿ, ಅವರ ಸಾಕು ನನಗ ಗೊತ್ತಿಲ್ಲೇನು? ಮಗನಿಗೆ ಭಾರ ಆಗೀನಿ ಅಂತ ಅಂದಾರ ಅಷ್ಟ. ನಾಳಿ ಗಾಡಿ ತಗಂಬಾ."

ಚಹಾ ಕೊಟ್ಟು ಒಳಗೆ ಹೋದರು. ಜ್ಞಾನದ ಮಾತು ಅಲ್ಲಿಗೆ ನಿಂತಿತು.

ಮರುದಿನ ಬೆಳಿಗ್ಗೆ ನಾನೂ ಜೊತೆಗೆ ಹೋಗೋಣವೆಂದು ಬಂದೆ. ಗಾಡಿ ಇನ್ನೂ ಬಂದಿರಲಿಲ್ಲ. ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ನನ್ನನ್ನು ಕಂಡು ಸಿಡುಕಿದರು. "ನೋಡ್ರಿ ಪಂಡಿತ್ರ, ಸಾಕು ಸಾಕು ಅಂದ್ರೂ ಕೇಳವಲ್ರು ಇವರು." ಬೇಡವೆಂದರೂ ಎಲೆಗೆ ಹುಗ್ಗಿ ಬಿದ್ದಾಗ ಬೀಗರು ಮಾಡುತ್ತಿದ್ದ ಮುಖವನ್ನೇ ಮಾಡಿದ್ದರು. ನನಗೆ ಅಷ್ಟು ಸಂತೋಷ ಯಾವ ಮದುವೆಯಲ್ಲೂ ಆಗಿರಲಿಲ್ಲ.

ಆಮೇಲೆ ಇನ್ನೆರಡು ಯುಗಾದಿ ಕಂಡರು. ಹೋದ ತಿಂಗಳು ಒಂದು ಬೆಳಿಗ್ಗೆ ಗಂಜಿ ಕುಡಿಸಲು ಹೋದಾಗ ಬಟ್ಟಲಿಗೆ ಕೈ ಅಡ್ಡ ಇಟ್ಟರಂತೆ. ಬಾಯಿ ಬಿಟ್ಟು ಏನೂ ಹೇಳಲಿಲ್ಲವಂತೆ. "ಬೆರಳು ಕೂಡಿದ್ವು. ನಾ ನೋಡಿದೆ. ಒತ್ತಾಯ ಮಾಡಲಿಲ್ರಿ" ಎಂದು ಅವರ ಹೆಂಡತಿ ನನಗೆ ಹೇಳಿದರು. ಆ ಸಂಜೆಗೆ ಮೇಷ್ಟ್ರು ಹೋದರು.

ದಿನದ ಊಟಕ್ಕೆ ಅವರ ಕೇರಿಯಲ್ಲೇ ಶಾಮಿಯಾನ ಹಾಕಿದ್ದರು. ಅವರ ಕೈಯ ಹುಗ್ಗಿ ಉಂಡಿದ್ದ ಹತ್ತು ಊರಿನ ಜನ ಬಂದಿದ್ದರು. ಕೆಲವರು ಫೋಟೋಕ್ಕೆ ಹೂವು ಏರಿಸಿ, ಕಣ್ಣೊರೆಸಿಕೊಂಡು, ಇವತ್ತು ನಮ್ಮದು ಉಪವಾಸ ಎಂದು ಹೇಳಿ ಹೊರಟರು. ಅಷ್ಟೊಂದು ಜನಕ್ಕೆ ಒಂದೇ ದಿನ ಉಪವಾಸ ಕೂಡಿಬಂದದ್ದು ವಿಶೇಷ. ಮೇಷ್ಟ್ರು ಇದ್ದಿದ್ದರೆ ಇದು ಯಾವ ಉಪವಾಸ ಎಂದು ಕೇಳುತ್ತಿದ್ದರು. ಉಳಿದವರು ಪಂಕ್ತಿಯಲ್ಲಿ ಕೂತೆವು.

ಬಡಿಸಲು ಅದೇ ಟೀ ಶರ್ಟಿನ ಹುಡುಗರು. ಸಾಕು ಅಂದರೆ ಮುಂದೆ ಹೋಗುತ್ತಿದ್ದರು. ಆ ದಿನ ಅವರನ್ನು ಬೈಯುವಂತಿರಲಿಲ್ಲ. ಸತ್ತವರೇ ಮಾಡಿಟ್ಟ ಕಾನೂನು. ಎಲ್ಲರೂ ಕುಂತು ಏಳಲು ಬಂದವರೇ.

ಆಗ ಅವರ ಹೆಂಡತಿ ಒಳಗಿಂದ ಬಂದರು. ಒಬ್ಬ ಹುಡುಗನ ಕೈಯಿಂದ ಬಕೆಟ್ಟು ಇಸಕೊಂಡರು. ಮಗ ಓಡಿಬಂದ. "ಅವ್ವಾ, ನೀ ಕುಂದ್ರು. ದಿನದ ಊಟದಾಗ ಒತ್ತಾಯ ಮಾಡಬಾರ್ದಂತ ಅಪ್ಪನ ಹೇಳ್ತಿದ್ನಲ್ಲ."

"ಮಂದಿ ದಿನಕ್ಕ ಹೇಳ್ಯಾರಪ್ಪ, ತಮ್ಮ ದಿನಕ್ಕ ಹೇಳಿಲ್ಲ" ಅಂದು ಮೊದಲ ಎಲೆಗೆ ಬಗ್ಗಿದರು.

ಒಂದೊಂದೇ ಎಲೆ ಮುಗಿಸುತ್ತ ನನ್ನ ಮುಂದೆ ಬಂದು ನಿಂತರು. ಬಡಿಸಿದ್ದನ್ನೇ ನಾನು ಮುಟ್ಟಿರಲಿಲ್ಲ. ಮುಖ ಎತ್ತದೆ ಎಲೆಗೆ ಕೈ ಅಡ್ಡ ಹಿಡಿದು "ಸಾಕ್ರಿ ಅಕ್ಕಾರ" ಅಂದೆ.

"ಇದು ಯಾವ ಸಾಕ್ರಿ, ಪಂಡಿತ್ರ?"

ಜನ್ಮವೆಲ್ಲ ಎಡಗಡೆ ಪದ, ಬಲಗಡೆ ಅರ್ಥ ಬರೆಸಿದವನು ನಾನು. ನನಗೆ ಗೊತ್ತಿರಲಿಲ್ಲ. ಕಣ್ಣು ಮಂಜಾಗಿ ನನ್ನ ಬೆರಳು ಬಿಟ್ಟಿವೆಯೋ ಕೂಡಿವೆಯೋ ನನಗೇ ಕಾಣಲಿಲ್ಲ. ಆಕೆ ಮಾತ್ರ ನನ್ನ ಮುಖ ನೋಡದೆ ಕೈಯನ್ನೇ ನೋಡುತ್ತ ನಿಂತಿದ್ದರು.

"ಕೈ ತಗೀರಿ" ಅಂದರು ಮೆಲ್ಲಗೆ. "ಹುಗ್ಗಿ ಬಿಸಿ ಐತಿ."

ನಾನು ಕೈ ತೆಗೆದೆ.